ಒಬಾಮ ಭಾಷಣವೂ ರಾಯರ ಮನೆ ಬಿಸಿಬೇಳೆಬಾತೂ

ಒಬಾಮ ಅಮೆರಿಕದ ಅಧ್ಯಕ್ಷರಾಗಿ ಮೊದಲ ಸಲ ಪ್ರಮಾಣವಚನ ತಗೊಂಡಿದ್ದು 2009ರ ಜನವರಿ 20, ಮಂಗಳವಾರ. ಆ ಶನಿವಾರ ನ್ಯೂಜೆರ್ಸಿಯಲ್ಲಿ ರಾಯರ ಮನೆಗೆ ಊಟಕ್ಕೆ ಸೇರಿದ್ದ ನಾವೆಲ್ಲ ಆ ಪ್ರಮಾಣವಚನದ ಭಾಷಣ ಕೇಳಿದ್ದೆವು. ಮಾತು ಶುರುವಾದ ಮೇಲೆ ನೋಡಿದರೆ, ಒಬ್ಬೊಬ್ಬರು ಒಂದೊಂದು ಭಾಷಣ ಕೇಳಿಸಿಕೊಂಡು ಬಂದಿದ್ದರು.

"ಸಪ್ಪೆ ಕಣ್ರೀ," ಅಂದರು ರಾಯರು. "ಚುನಾವಣೆಯಲ್ಲಿ ಹೇಗೆ ಗುಡುಗಿದ್ದ ಮನುಷ್ಯ! ಈಗ ಬರೀ ಕಷ್ಟಕಾಲ, ಜವಾಬ್ದಾರಿ. ಲಕ್ಷಾಂತರ ಜನ ಆ ಚಳಿಯಲ್ಲಿ ನಿಂತಿದ್ದು ಬುದ್ಧಿಮಾತು ಕೇಳೋದಕ್ಕಾ?"

"ಬ್ಯಾಂಕುಗಳು ಮುಳುಗ್ತಾ ಇರುವಾಗ ಇನ್ನೇನು ಹಾಡು ಹೇಳಬೇಕಿತ್ತೇನು?" ಮೇಷ್ಟ್ರು ಕೇಳಿದರು. ಮೈಸೂರಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾಗಿ ಮಗಳ ಮನೆಗೆ ಬಂದಿದ್ದವರು. "ಲಿಂಕನ್ 1865ರಲ್ಲಿ ಎರಡನೇ ಸಲ ಪ್ರಮಾಣ ತಗೊಂಡಾಗ ಮಾಡಿದ ಭಾಷಣಕ್ಕೂ ಕೆಲವು ಪತ್ರಿಕೆಗಳು ಬೈದಿದ್ದವು. ಈಗ ಅದನ್ನೇ ಅವನ ಸ್ಮಾರಕದ ಗೋಡೆ ಮೇಲೆ ಕೆತ್ತಿದ್ದಾರೆ. ಆದರೆ ಒಬಾಮನೂ ಒಂದು ತಪ್ಪು ಮಾಡಿದ. ಇದುವರೆಗೆ 44 ಅಮೆರಿಕನ್ನರು ಪ್ರಮಾಣ ಮಾಡಿದ್ದಾರೆ ಅಂದ. 43 ಜನ ಅಷ್ಟೇ! ಕ್ಲೀವ್‌ಲ್ಯಾಂಡ್ 22ನೇ ಅಧ್ಯಕ್ಷನೂ ಅವನೇ, 24ನೇ ಅಧ್ಯಕ್ಷನೂ ಅವನೇ."

"ಹಾಗಾದರೆ ಪಾಸೋ ಫೇಲೋ ಹೇಳಿ ಮೇಷ್ಟ್ರೇ."

"ಪಾಸು. ಎರಡು ಮಾರ್ಕ್ಸು ಕಟ್."

ನನಗೆ ಭಾಷಣ ಹಿಡಿಸಿತ್ತು. ಆದರೆ ಕೆನಡಿ 1961ರಲ್ಲಿ ಹೇಳಿದ್ದನಲ್ಲ, ದೇಶ ನಿನಗೇನು ಮಾಡುತ್ತೆ ಅಂತ ಕೇಳಬೇಡ ಅಂತ, ಆ ಥರ ಬಾಯಲ್ಲಿ ನಿಲ್ಲೋ ಸಾಲು ಒಂದೂ ಸಿಗಲಿಲ್ಲ. ಇದನ್ನ ಹೇಳೋಕೆ ಬಾಯಿ ತೆರೆದೆ, ಅಷ್ಟರಲ್ಲಿ ಭಟ್ಟರು ನುಗ್ಗಿದರು. ಅವರು ನಾಮಕರಣಕ್ಕೆ ಬಂದರೂ ಶೇರುಪೇಟೆ ಬಿಟ್ಟು ಬೇರೆ ಮಾತಾಡೋರಲ್ಲ.

"ಅವತ್ತು ಡೌ ಜೋನ್ಸ್ ಶೇರು ಸೂಚ್ಯಂಕ 332 ಪಾಯಿಂಟ್ ಬಿತ್ತು. ಇದೇ ಜನರ ಅಭಿಪ್ರಾಯ, ಇನ್ನೇನು ಬೇಕು?"

"ಬಿದ್ದಿದ್ದು ಬ್ಯಾಂಕ್ ಶೇರುಗಳಿಂದ ಭಟ್ಟರೇ, ಪಾಪ ಭಾಷಣ ಏನು ಮಾಡೀತು?" ಅಂತ ಅತ್ತಿಗೆ ಬಾತಿನ ಪಾತ್ರೆ ತಂದಿಟ್ಟರು. "ನೀವೊಬ್ಬರೂ ಅಲ್ಲಿ ಹಾಡಿದ ಅರೆಥಾ ಫ್ರ್ಯಾಂಕ್ಲಿನ್ ಟೋಪಿ ನೋಡಲೇ ಇಲ್ವಾ? ಅಷ್ಟು ದೊಡ್ಡ ಬೋ! ಹಿಂದೆ ಕೂತವರಿಗೆ ಒಬಾಮ ಕಂಡರೋ ಇಲ್ವೋ."

ಮೇಷ್ಟ್ರು ಚೀನಾಕ್ಕೆ ಹಾರಿದರು. ಕಮ್ಯುನಿಸಂ ಅನ್ನೋ ಮಾತು ಕಿವಿಗೆ ಬೀಳುತ್ತಲೇ ಅಲ್ಲಿನ ಸರ್ಕಾರಿ ಟೀವಿ ಭಾಷಣ ಬಿಟ್ಟು ಸ್ಟುಡಿಯೋಗೆ ಓಡಿ ಬಂದು, ಅಮೆರಿಕದ ಆರ್ಥಿಕ ಪರಿಸ್ಥಿತಿ ಹೇಗಿದೆ ಅಂತ ಚರ್ಚೆ ಶುರು ಮಾಡಿತಂತೆ. "ಅಲ್ಲೂ ಒಬ್ಬರು ಭಟ್ಟರು ಇದ್ದಾರೆ ಅನ್ನಿ," ಅಂದರು ಅತ್ತಿಗೆ.

ರಾಯರ ನಿಜವಾದ ಸಂಕಟ ಆಮೇಲೆ ಹೊರಬಂತು. "ಅಲ್ರೀ, ಈ ದೇಶ ಯಾರ್ಯಾರದು ಅಂತ ಹೇಳುವಾಗ ಕ್ರೈಸ್ತರು, ಮುಸ್ಲಿಮರು, ಯಹೂದಿಗಳು, ಆಮೇಲೆ ಹಿಂದೂಗಳು. ನಮ್ಮ ಹಿಂದೆ ಯಾರು? ದೇವರನ್ನು ನಂಬದವರು!"

"ಊಟಕ್ಕೆ ಕರೆದರಲ್ಲ ಅಂತ ಸಂತೋಷಪಡಿ. ಯಾವ ಪಂಕ್ತಿ ಅಂತ ಕೇಳಬೇಡಿ," ಅಂದರು ಅತ್ತಿಗೆ.

ಇಷ್ಟು ಹೊತ್ತೂ ಎಚ್-1ಬಿ ವೀಸಾದ, ಅಂದರೆ ಕೆಲಸವನ್ನೇ ನಂಬಿದ ವೀಸಾದ, ನಮ್ಮ ಹುಡುಗ ಸುಮ್ನೆ ತಿನ್ನುತ್ತಿದ್ದ. ಅವನ ಆಫೀಸಿನಲ್ಲಿ ಲೇಆಫ್ ನಡೀತಿತ್ತು. ನಿನಗೇನು ಅನಿಸಿತಪ್ಪಾ ಅಂತ ಕೇಳಿದೆವು.

"ಭಾಷಣ ಓಕೆ ಸರ್. ಅದಕ್ಕಿಂತ ಕೊನೆಯಲ್ಲಿ ಪ್ರಾರ್ಥನೆ ಮಾಡಿದರಲ್ಲ, ಲೋವರಿ ಅಂತ ಪಾದ್ರಿ ತಾತ, ಅವರೇ ಜಾಸ್ತಿ ಇಷ್ಟ ಆದರು. ಕಂದು ಬಣ್ಣದವರು ಇಲ್ಲೇ ಉಳಿಯುವ ದಿನ ಬರಲಿ ಅಂದರು."

"ಅದಕ್ಕೆ ಎಷ್ಟೋ ಜನ ಸಿಟ್ಟಾಗಿದ್ದಾರೆ, ಗೊತ್ತಾ? ಬಿಳಿಯರು ಸರಿಯಾದದ್ದನ್ನು ಒಪ್ಪಿಕೊಳ್ಳಲಿ ಅಂತಾನೂ ಅಂದುಬಿಟ್ಟರಲ್ಲ," ಅಂದರು ರಾಯರು.

"ಅದು ಅವರವರು ನೋಡ್ಕೊಳ್ಳಲಿ ಸರ್," ಹುಡುಗ ತಟ್ಟೆ ಮುಂದೆ ಚಾಚಿದ. "ಆ ತಾತನಿಗೆ ಇಮಿಗ್ರೇಶನ್ ಆಫೀಸಲ್ಲಿ ಯಾರಾದರೂ ಪರಿಚಯ ಇದ್ದಾರಾ?"