ಸಹಾಯ ಬೇಕು: ಒಂದೇ ಏಟಿನ ಸಾವು, 105ರ ಯಾವ ಭಾಗ?

ಎಲ್ಲರಿಗೂ ನಮಸ್ಕಾರ. ಮೂಟ್ ಕೋರ್ಟ್ (ಕಾನೂನು ವಿದ್ಯಾರ್ಥಿಗಳ ಅಣಕು ನ್ಯಾಯಾಲಯ) ಪ್ರಾಬ್ಲಂ ಇದು, ಭಾರತೀಯ ನ್ಯಾಯ ಸಂಹಿತೆ ಪ್ರಕಾರ ವಾದ ಮಾಡಬೇಕು. ಅದರ ಸೆಕ್ಷನ್ 101 ಕೊಲೆ ಯಾವುದು ಅಂತ ಹೇಳುತ್ತೆ, 105 ಕೊಲೆ ಅಲ್ಲದ ನರಹತ್ಯೆಗೆ ಶಿಕ್ಷೆ ಹೇಳುತ್ತೆ. ಹೋಟೆಲ್ ಮುಂದೆ ಬಿಲ್ ವಿಚಾರಕ್ಕೆ ಜಗಳ, ಇಬ್ಬರೂ ಕೈ ಕೈ ಮಿಲಾಯಿಸಿದ್ದಾರೆ. ಒಬ್ಬ ಅಲ್ಲೇ ಬಿದ್ದಿದ್ದ ದೊಣ್ಣೆ ಎತ್ತಿ ತಲೆಗೆ ಒಂದೇ ಏಟು ಹೊಡೆದ. ಮೂರನೇ ದಿನ ಇನ್ನೊಬ್ಬ ತೀರಿಕೊಂಡ. ಪೋಸ್ಟ್‌ಮಾರ್ಟಂನಲ್ಲಿ ತಲೆಬುರುಡೆ ಬಿರುಕು, ಮಿದುಳಲ್ಲಿ ರಕ್ತಸ್ರಾವ; ಸಹಜಕ್ರಮದಲ್ಲಿ ಸಾವು ತರಲು ಸಾಕಾಗುವ ಗಾಯ ಅಂತಲೂ ಡಾಕ್ಟರ್ ಬರೆದಿದ್ದಾರೆ.

ಸುಪ್ರೀಂ ಕೋರ್ಟಿನ ವಿರ್ಸಾ ಸಿಂಗ್ (1958) ತೀರ್ಪು ಓದಿದೆ. ಆ ಗಾಯವನ್ನೇ ಮಾಡುವ ಉದ್ದೇಶವಿದ್ದರೆ ಸಾಕು, ಅದು ಸಾವಿಗೆ ಸಾಕಾಗುತ್ತೆ ಅಂತ ಆರೋಪಿಗೆ ಗೊತ್ತಿರಬೇಕಿಲ್ಲ. ಅಲ್ಲಿಗೆ 101(ಸಿ), ಅಂದರೆ ಕೊಲೆ. ಅದೇ ಕೋರ್ಟಿನ ಪುನ್ನಯ್ಯ (1976) ತೀರ್ಪಿನ ಕ್ರಮದಲ್ಲೂ ನೋಡಿದೆ: ಮೊದಲು ಸಾವಿಗೂ ಕೃತ್ಯಕ್ಕೂ ಸಂಬಂಧ, ಆಮೇಲೆ ಕಲ್ಪಬಲ್ ಹೋಮಿಸೈಡ್ (ಶಿಕ್ಷಾರ್ಹ ನರಹತ್ಯೆ) ಹೌದಾ, ಆಮೇಲೆ 101ರ ನಾಲ್ಕು ಉಪಕಲಂ, ಕೊನೆಗೆ ಕೊಲೆಯಿಂದ ಹೊರಗಿಡುವ ವಿನಾಯಿತಿ.

ಸಿಕ್ಕಿಹಾಕಿಕೊಂಡಿರೋದು ಕೊನೇ ಹಂತದಲ್ಲಿ. ಹಠಾತ್ ಜಗಳದ 4ನೇ ವಿನಾಯಿತಿ ಕೊಟ್ಟರೆ ಗಾಯ ಮಾಡುವ ಉದ್ದೇಶ ಇದ್ದೇ ಇದೆ, ಹಾಗಾಗಿ 105ರ ಮೊದಲ ಭಾಗ: ಜೀವಾವಧಿ, ಇಲ್ಲವೇ 5ರಿಂದ 10 ವರ್ಷ. ಉದ್ದೇಶವಿಲ್ಲದೆ, ಸಾವು ಆಗಬಹುದು ಅನ್ನೋ ಬರೀ ತಿಳಿವಳಿಕೆ ಇತ್ತು ಅಂದರೆ ಎರಡನೇ ಭಾಗ, ಕನಿಷ್ಠ ಶಿಕ್ಷೆಯೇ ಇಲ್ಲ. ಆದರೆ ಒಂದೇ ಏಟಿನ ಎಷ್ಟೋ ತೀರ್ಪುಗಳಲ್ಲಿ 4ನೇ ವಿನಾಯಿತಿ ಹೇಳಿಯೇ ಎರಡನೇ ಭಾಗಕ್ಕೆ ಇಳಿಸಿದ್ದಾರೆ! ಉದ್ದೇಶವೇ ಇಲ್ಲದಿದ್ದರೆ (ಸಿ) ಬಿದ್ದುಹೋಗುತ್ತೆ, ವಿನಾಯಿತಿ ಯಾಕೆ ಬೇಕು?

ಕ್ರಿಮಿನಲ್ ಪ್ರಾಕ್ಟೀಸ್ ಮಾಡೋರು ದಯವಿಟ್ಟು ಹೇಳಿ: ಆರೋಪಿ ಪರ ಎರಡನೇ ಭಾಗ ಕೇಳಬೇಕಾದರೆ ಮೊದಲು (ಸಿ)ಯ ಉದ್ದೇಶವನ್ನೇ ಅಲ್ಲಗಳೆದು, 4ನೇ ವಿನಾಯಿತಿಯನ್ನು ಪರ್ಯಾಯ ವಾದವಾಗಿ ಇಡಬೇಕಾ, ಅಥವಾ ವಿನಾಯಿತಿಯಿಂದಲೇ ಅಲ್ಲಿಗೆ ಹೋಗಬಹುದಾ?