ತೆಗೆದಾಗ ಸ್ಕ್ರೀನಿನಲ್ಲಿ ಕಂಡ ಫೋಟೊ ಆಮೇಲೆ ಕಾರ್ಡಿನಲ್ಲಿ ತೆರೆಯುವುದಿಲ್ಲ

ಡೊಂಬಿವಲಿಯಿಂದ:

ಎಲ್ಲರಿಗೂ ನಮಸ್ಕಾರ. ಪತ್ತನಾಜೆಗೆ ಊರಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಮುಂಬೈಯಲ್ಲಿ ಆಟಗಳು ಶುರುವಾಗುತ್ತವೆ, ನಿಮಗೆ ಗೊತ್ತುಂಟು. ಮೊನ್ನೆ ಭಾನುವಾರ ಮಾಟುಂಗಾದಲ್ಲಿ ಒಂದು ಆಟ ಇತ್ತು. ಅದರಲ್ಲಿ ನನ್ನ ಅಪ್ಪನದ್ದೂ ಒಂದು ವೇಷ. ಹೋಟೆಲ್ ಕೆಲಸಕ್ಕೆಂದು ಇಲ್ಲಿಗೆ ಬಂದವರು, ಹನ್ನೆರಡು ವರ್ಷದ ನಂತರ ಬಣ್ಣ ಹಚ್ಚಿದ್ದು. ಹಾಗಾಗಿ ಬಣ್ಣದ ಚೌಕಿಯಿಂದ ಕೊನೆಯ ಮಂಗಳದವರೆಗೆ ಬಿಡದೆ ಫೋಟೊ ತೆಗೆದೆ. ಒಟ್ಟು 410.

ಕ್ಯಾಮೆರಾ 24 ಮೆಗಾಪಿಕ್ಸೆಲಿನ ಡಿಎಸ್‌ಎಲ್‌ಆರ್, ರಾ (ಕ್ಯಾಮೆರಾದ ಕಚ್ಚಾ ಫೈಲ್) ಮತ್ತು ಜೆಪೆಗ್ ಎರಡೂ ಇಟ್ಟಿದ್ದೆ. ಕಾರ್ಡ್ 64 ಜಿಬಿ, ಹೊಸತು. ಪ್ರತಿ ಸಲ ಒತ್ತಿದಾಗಲೂ ಚಿತ್ರ ಸ್ಕ್ರೀನಿನಲ್ಲಿ ಬಂತು, ಎರರ್ ಒಂದೂ ಇಲ್ಲ. ಮನೆಗೆ ಬಂದು ನೋಡಿದರೆ ಮೊದಲ 236 ಸರಿ ಉಂಟು. ಅಲ್ಲಿಂದ ಮುಂದೆ ಹೆಸರು ಉಂಟು, ಸೈಜ್ ಉಂಟು, ಚಿತ್ರ ಇಲ್ಲ. ಲ್ಯಾಪ್‌ಟಾಪಿನಲ್ಲಿ ರಾ ತೆರೆಯುವುದೇ ಇಲ್ಲ, ಜೆಪೆಗ್ ಬರೀ ಬೂದು ಬಣ್ಣ.

ಬರುವಾಗ ಲೋಕಲ್‌ನಲ್ಲಿ ಬಾಗಿಲ ಹತ್ತಿರ ನಿಂತು ಬ್ಯಾಗ್ ಸ್ವಲ್ಪ ಒದ್ದೆಯಾಗಿತ್ತು. ನೀರು ಹೋಗಿರಬಹುದಾ? ಫಾರ್ಮ್ಯಾಟ್ ಮಾಡಿದರೆ ಕಾರ್ಡ್ ಸರಿಯಾಗುತ್ತದೆ ಅಂತ ಭಾವ ಹೇಳುತ್ತಾರೆ. ಇನ್ನೂ ಮಾಡಿಲ್ಲ. ಕೈ ಬರುವುದಿಲ್ಲ ಮಾರಾಯ್ರೆ.

ಠಾಣೆಯಿಂದ:

ಅಕ್ಕ, ನೀರಿನದ್ದೇ ಇರಬೇಕು. ಕ್ಯಾಮೆರಾ, ಕಾರ್ಡ್ ಎರಡನ್ನೂ ಎರಡು ದಿನ ಅಕ್ಕಿ ಡಬ್ಬದಲ್ಲಿ ಹೂತಿಡಿ. ಸರಿಯಾಗದಿದ್ದರೆ ಫೋರ್ಟ್‌ನ ಬೋರಾ ಬಜಾರ್ ಕಡೆ ಕ್ಯಾಮೆರಾ ರಿಪೇರಿಯವರು ಇದ್ದಾರೆ, ಸ್ಲಾಟ್ ತೋರಿಸಿ.

ಪುಣೆಯಿಂದ:

ಅಕ್ಕಾರ, ಫಾರ್ಮ್ಯಾಟ್ ಮಾಡಬ್ಯಾಡ್ರಿ. ನೀವು ಕೈ ತಡದದ್ದು ಭಾಳ ಚಲೋ ಆತು. ಆ ಕಾರ್ಡಿನ್ಯಾಗ ಇನ್ನೊಂದು ಫೋಟೊ ಸೈತ ತೆಗೀಬ್ಯಾಡ್ರಿ. ಕಾರ್ಡ್ ಹೊರಗ ತಗದು ಎಡಬಾಜೂಕ ಇರೋ ಸಣ್ಣ ಲಾಕ್ ಕಡ್ಡಿ ಕೆಳಗ ಸರಸ್ರಿ, ಆಮ್ಯಾಲ ಲ್ಯಾಪ್‌ಟಾಪಿಗೆ ಹಾಕ್ರಿ. ಕಾರ್ಡಿನ್ಯಾಗ ತೊಂದರಿ ಐತಿ, ಸರಿ ಮಾಡಲೇನು ಅಂತ ವಿಂಡೋಸ್ ಕೇಳಿದ್ರ ಬ್ಯಾಡ ಅನ್ರಿ. ಮೊದಲ 236 ಫೋಟೊ ಎರಡು ಕಡೆ ಕಾಪಿ ಮಾಡ್ಕೋರಿ. ಉಳಿದ ಮಾತು ಆಮ್ಯಾಲ.

ನೀರು ಹೋಗಿದ್ರ ಹಿಂಗ ಒಂದು ಗೆರಿ ಕೊರದಂಗ 236ಕ್ಕ ನಿಲ್ಲೂದಿಲ್ಲ, ಅಲ್ಲೊಂದು ಇಲ್ಲೊಂದು ಕೆಡತಾವು. ನನಗ ಬ್ಯಾರೆ ಸಂಶಯ ಐತಿ. ಮೂರು ಮಾತು ಹೇಳ್ರಿ. ಕಾರ್ಡ್ ಎಲ್ಲಿ ತಗೊಂಡ್ರಿ, ಬಿಲ್ ಐತೇನು? ಇದಕ್ಕ ಮೊದಲು ಈ ಕಾರ್ಡ್ ಒಮ್ಮೆರ ತುಂಬಿತ್ತೇನು? ಇದ ಕ್ಯಾಮೆರಾಕ್ಕ ಬ್ಯಾರೆ ಕಾರ್ಡ್ ಹಾಕಿದ್ರ ಫೋಟೊ ಉಳೀತಾವೇನು?

ವಾಸ್ಕೋದಿಂದ:

ಅಕ್ಕಿ ಬೇಡ. ಅಕ್ಕಿಯ ಹುಡಿ ಸ್ಲಾಟಿನ ಒಳಗೆ ಕೂತರೆ ಪಿನ್‌ಗಳಿಗೆ ಅದೊಂದು ಹೊಸ ತೊಂದರೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಟ್ಟರೆ ಸಾಕು. ಇಲ್ಲಿ ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಕ್ಯಾಮೆರಾ, ಲೆನ್ಸ್ ಎಲ್ಲ ಅದರಲ್ಲೇ ಇರುತ್ತವೆ.

ನಾನು ಮದುವೆ ಫೋಟೊ ತೆಗೆಯುವವನು. ಫೋಟೊ ಸೇವ್ ಆಗಲಿಲ್ಲ ಅಂತ ಜನ ಬಂದಾಗ ನಾನು ಮೊದಲು ನೋಡುವುದು ಕಾರ್ಡಿಲ್ಲದೆ ಕ್ಲಿಕ್ ಆಗುವ ಸೆಟ್ಟಿಂಗ್. ಕ್ಯಾನನ್‌ನಲ್ಲಿ ಅದು ರಿಲೀಸ್ ಶಟರ್ ವಿದೌಟ್ ಕಾರ್ಡ್, ನಿಕಾನ್‌ನಲ್ಲಿ ಸ್ಲಾಟ್ ಎಂಪ್ಟಿ ರಿಲೀಸ್ ಲಾಕ್. ಕಾರ್ಡ್ ಇಲ್ಲದಿದ್ದರೂ ಶಟರ್ ಬೀಳುತ್ತದೆ, ಚಿತ್ರ ಕಾಣುತ್ತದೆ, ಆದರೆ ಎಲ್ಲಿಯೂ ಉಳಿಯುವುದಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸಲು ಬೇಕಾದ ಸೌಲಭ್ಯ ಅದು, ನಮಗೆ ಬೇಡ. ಕಾರ್ಡಿಲ್ಲದೆ ಶಟರ್ ಬೀಳದ ಹಾಗೆ ಇವತ್ತೇ ಬದಲಾಯಿಸಿಡಿ. ನಿಮ್ಮ ಕಾರ್ಡಿನಲ್ಲಿ ಹೆಸರುಗಳಾದರೂ ಇವೆಯಲ್ಲ, ಹಾಗಾಗಿ ನಿಮ್ಮ ತೊಂದರೆ ಇದಲ್ಲ.

ಲಾಕ್ ಕಡ್ಡಿಯದ್ದೂ ಅಲ್ಲ, ಆಗಿದ್ದರೆ ಕ್ಯಾಮೆರಾ ಶುರುವಿನಲ್ಲೇ ಹೇಳುತ್ತಿತ್ತು. ಇದನ್ನು ಓದುವ ಬೇರೆಯವರಿಗಾಗಿ ಬರೆಯುತ್ತೇನೆ: ಆ ಕಡ್ಡಿಗೆ ಕಾರ್ಡಿನ ಒಳಗೆ ಯಾವ ತಂತಿಯೂ ಇಲ್ಲ. ಅದು ಎಲ್ಲಿದೆ ಅಂತ ನೋಡುವುದು ಕ್ಯಾಮೆರಾದ ಸ್ಲಾಟ್. ಕಡ್ಡಿ ಮುರಿದು ಬಿದ್ದರೆ ಕಾರ್ಡ್ ಲಾಕ್ ಆಗಿದೆ ಅಂತಲೇ ಬರುತ್ತದೆ, ಆ ಜಾಗಕ್ಕೆ ಸಣ್ಣ ಸೆಲ್ಲೋಟೇಪ್ ಅಂಟಿಸಿದರೆ ಫೋಟೊ ಉಳಿಯುತ್ತದೆ. ಯಾವ ಕಾರ್ಡ್ ಹಾಕಿದರೂ ಲಾಕ್ ಅಂದರೆ ಮಾತ್ರ ಕೆಟ್ಟದ್ದು ಸ್ಲಾಟ್.

ಡೊಂಬಿವಲಿಯಿಂದ:

ಮೊದಲ 236 ಲ್ಯಾಪ್‌ಟಾಪಿಗೂ ಹಾರ್ಡ್ ಡಿಸ್ಕಿಗೂ ಹಾಕಿದೆ. ಇನ್ನೊಂದು ಹಳೆಯ 16 ಜಿಬಿ ಕಾರ್ಡ್ ಹಾಕಿ ನೂರು ಫೋಟೊ ತೆಗೆದು ನೋಡಿದೆ, ಎಲ್ಲ ಸರಿ ಉಂಟು. ಕೆಟ್ಟ ಕಾರ್ಡ್ ಕಳೆದ ತಿಂಗಳು ಸ್ಟೇಷನ್ ಹೊರಗೆ ಒಂದು ಅಂಗಡಿಯಲ್ಲಿ ತೆಗೆದುಕೊಂಡದ್ದು. ಬಿಲ್ ಕೇಳಿದ್ದೆ, ಕೊಡಲಿಲ್ಲ. ಬೇರೆ ಕಡೆಗಿಂತ ಅರ್ಧ ಬೆಲೆ. ಇದಕ್ಕೆ ಮೊದಲು ಮನೆಯಲ್ಲಿ ಇಪ್ಪತ್ತು ಮೂವತ್ತು ಫೋಟೊ ತೆಗೆದದ್ದು ಮಾತ್ರ, ತುಂಬಿರಲಿಲ್ಲ.

ಪುಣೆಯಿಂದ:

ಅಕ್ಕಾರ, ನನ್ನ ಸಂಶಯ ಖರೇ ಆದಂಗ ಕಾಣ್ತದ. ನಿಮ್ಮ ಒಂದು ಫೋಟೊ ರಾ, ಜೆಪೆಗ್ ಕೂಡಿ ಸುಮಾರು 32 ಎಂಬಿ. 236ಕ್ಕ ಗುಣಿಸಿದ್ರ 7.5 ಜಿಬಿ ಹತ್ರ ಬರ್ತದ. 8 ಜಿಬಿ ಕಾರ್ಡಿನ್ಯಾಗ ಖರೇವಂದ್ರ ಹಿಡಿಯೂದು ಅಷ್ಟ. ಮ್ಯಾಲೆ 64 ಅಂತ ಬರದು, ಒಳಗ 8ರ ಚಿಪ್ ಇಟ್ಟು, ಯಾರು ಕೇಳಿದ್ರೂ 64 ಅಂತ ಹೇಳೂಹಂಗ ಕಾರ್ಡ್ ನಡಸೋ ಕಂಟ್ರೋಲರ್ ಚಿಪ್ಪಿಗೆ ಕಲಿಸಿಟ್ಟಿರ್ತಾರ.

ಹೆಸರು, ಸೈಜ್ ಯಾಕ ಉಳದ್ವು ಅಂತ ನಿಮಗ ಅನಿಸಿರಬೇಕು. ಹೊಲದ ಉತಾರ (ಪಹಣಿ) ಒಂದು ಕಡೆ, ಹೊಲ ಒಂದು ಕಡೆ ಇರ್ತದಲ್ಲ, ಹಂಗ ತಿಳ್ಕೋರಿ. 64 ಜಿಬಿ ಕಾರ್ಡಿನ ಎಕ್ಸ್‌ಫ್ಯಾಟ್ ವ್ಯವಸ್ಥಾದಾಗ ಫೈಲಿನ ಹೆಸರು, ಸೈಜ್, ಜಾಗಾದ ಲೆಕ್ಕ ಬರಿಯೂದು ಹೆಚ್ಚಾಗಿ ಕಾರ್ಡಿನ ಶುರುವಿನ್ಯಾಗ. ಆ ಭಾಗ ಖರೇ ಚಿಪ್ಪಿನ ಮ್ಯಾಲೆ ಐತಿ, ಹಿಂಗಾಗಿ ಉತಾರ ಉಳೀತು. ಚಿತ್ರ ಬರದದ್ದು 8 ಜಿಬಿ ಆಚೆ, ಅಲ್ಲಿ ಹೊಲಾನ ಇಲ್ಲ. ಇನ್ನ ಕ್ಯಾಮೆರಾ ಸ್ಕ್ರೀನಿನ್ಯಾಗ ಕಂಡದ್ದು ಕಾರ್ಡಿನಿಂದ ಓದಿದ ಚಿತ್ರ ಅಲ್ರಿ. ಒತ್ತಿದ ಕೂಡ್ಲೆ ಚಿತ್ರ ಮೊದಲು ಕ್ಯಾಮೆರಾದ ಬಫರಿಗೆ, ಅಂದ್ರ ಅದರ ಒಳಗಿನ ತಾತ್ಕಾಲಿಕ ಮೆಮರಿಗೆ ಬರ್ತದ, ಅಲ್ಲಿಂದ ತೋರಸ್ತದ. ಬರದದ್ದನ್ನ ಕ್ಯಾಮೆರಾ ಮತ್ತ ಓದಿ ತಾಳೆ ನೋಡೂದಿಲ್ಲ. ಕಾರ್ಡ್ ಹೂಂ ಅಂದ್ರ ಆತು. ನಿಮ್ಮದೇನೂ ತಪ್ಪಿಲ್ಲ.

ಆದ್ರೂ ಪ್ರಯತ್ನ ಬಿಡೂದು ಬ್ಯಾಡ. ಫೋಟೊರೆಕ್ ಅನ್ನೋ ಸಾಫ್ಟ್‌ವೇರ್ ಪುಕ್ಕಟ ಸಿಗ್ತದ. ಅದು ಫೈಲ್ ಹೆಸರು ನೋಡೂದಿಲ್ಲ, ಕಾರ್ಡ್ ಪೂರಾ ಓದಿ ಚಿತ್ರದ ಗುರುತು ಹುಡಕ್ತದ. ಸಿಕ್ಕದ್ದನ್ನ ಲ್ಯಾಪ್‌ಟಾಪಿಗೆ ಇಳಿಸ್ರಿ, ಅದ ಕಾರ್ಡಿಗೆ ಮಾತ್ರ ಬ್ಯಾಡ. ಅದು ಮುಗದ ಮ್ಯಾಲೆ ಲಾಕ್ ತಗದು, ಕಾರ್ಡ್ ಫಾರ್ಮ್ಯಾಟ್ ಮಾಡಿ, ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಟೆಸ್ಟ್ ಸಾಫ್ಟ್‌ವೇರ್ ಹಚ್ಚರಿ. ಕಾರ್ಡ್ ಪೂರಾ ಬರದು, ಹೊಳ್ಳಿ ಓದಿ, ತಾಳೆ ನೋಡ್ತದ. ಎರಡು ತಾಸು ಹಿಡೀತದ. ಮ್ಯಾಕ್, ಲಿನಕ್ಸ್ ಇದ್ದವರಿಗೆ ಎಫ್3 ಐತಿ. ಈ ಕ್ರಮ ತಪ್ಪಬ್ಯಾಡ್ರಿ, ಟೆಸ್ಟ್ ಮೊದಲು ಹಚ್ಚಿದ್ರ ಇದ್ದದ್ದೂ ಅಳಸ್ತದ.

ಡೊಂಬಿವಲಿಯಿಂದ:

ನಿನ್ನೆ ರಾತ್ರಿ ಎಲ್ಲ ಮುಗಿಯಿತು. ಫೋಟೊರೆಕ್ 236ರ ಆಚೆ ಒಂದನ್ನೂ ಕೊಡಲಿಲ್ಲ. ಮನೆಯಲ್ಲಿ ಮೊದಲು ತೆಗೆದು ಅಳಿಸಿದ್ದ ನಾಲ್ಕು ಹಳೆಯ ಫೋಟೊ ಸಿಕ್ಕಿತು, ಅಷ್ಟೆ. ಮತ್ತೆ ಟೆಸ್ಟ್ ಹಾಕಿದೆ. 7.4 ಜಿಬಿ ಸರಿ, 52 ಜಿಬಿ ನಷ್ಟ ಅಂತ ಬಂತು. ನೀವು ಕೂತಲ್ಲಿಂದಲೇ ಹೇಳಿದ ಲೆಕ್ಕ.

ಅಪ್ಪನಿಗೆ ಹೇಳಲು ಸಂಕಟವಾಗಿತ್ತು. 236ನ್ನೂ ಕೂತು ಒಟ್ಟಿಗೆ ನೋಡಿದೆವು. ಚೌಕಿಯಲ್ಲಿ ಕನ್ನಡಿ ಹಿಡಿದು ಮುಖಕ್ಕೆ ಬರೆಯುವುದು, ಕಿರೀಟ ಕಟ್ಟುವುದು, ರಂಗಪ್ರವೇಶ, ಎಲ್ಲ ಉಂಟು. ಹೋದದ್ದು ಯುದ್ಧ ಮತ್ತು ಮಂಗಳ. ಪ್ರವೇಶದ್ದೊಂದು ಸಾಕಿತ್ತು ನನಗೆ ಅಂದರು.

ಒಂದು ಕೇಳುತ್ತೇನೆ. ಈ ಕಾರ್ಡನ್ನು 7 ಜಿಬಿಗೆ ಪಾರ್ಟಿಷನ್ ಮಾಡಿ ಬಳಸಬಹುದು ಅಂತ ಭಾವ ಹೇಳುತ್ತಾರೆ. ಆಗುತ್ತದಾ?

ಪುಣೆಯಿಂದ:

ಆಗ್ತದ, ಆದ್ರ ಮಾಡಬ್ಯಾಡ್ರಿ. ಕ್ಯಾಮೆರಾದಾಗ ಒಮ್ಮೆ ಫಾರ್ಮ್ಯಾಟ್ ಒತ್ತಿದ್ರ ಅದು ಮತ್ತ 64 ಅಂತನ ತೋರಸಬಹುದು. ನೀವು ಮರತಿರ್ತೀರಿ, ಇಲ್ಲಾ ಬ್ಯಾರೆ ಯಾರೋ ಒಯ್ದಿರ್ತಾರ. ಟೆಸ್ಟಿನ ಉತ್ತರದ ಸ್ಕ್ರೀನ್‌ಶಾಟ್ ತಗೊಂಡು ಅಂಗಡಿಯವರಿಗೆ ತೋರಸ್ರಿ, ರೊಕ್ಕ ಕೊಟ್ರ ಕೊಡವಲ್ಲರ್ಯಾಕ. ಆದ್ರ ಕಾರ್ಡ್ ಅವರ ಕೈಯಾಗ ಕೊಡಬ್ಯಾಡ್ರಿ, ಮತ್ತೊಬ್ಬರಿಗೆ ಮಾರ್ತಾರ.

ವಾಸ್ಕೋದಿಂದ:

ಅಕ್ಕ, ಮುಂದಿನ ಆಟಕ್ಕೆ ಒಂದೇ ದೊಡ್ಡ ಕಾರ್ಡ್ ಬೇಡ, 32ರ ಎರಡು ಇಟ್ಟುಕೊಳ್ಳಿ. ಬಿಲ್ ಕೊಡುವ ಅಂಗಡಿಯಿಂದ ತಂದು, ಎರಡಕ್ಕೂ ಮನೆಯಲ್ಲೇ ಟೆಸ್ಟ್ ಹಾಕಿ, ಆಮೇಲೆ ನಿಮ್ಮ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಪ್ರವೇಶ ಒಂದರಲ್ಲಿ, ಯುದ್ಧ ಇನ್ನೊಂದರಲ್ಲಿ. ಬದಲಾಯಿಸುವಾಗ ಕಾರ್ಡಿಗೆ ಬರೆಯುವಾಗ ಉರಿಯುವ ಸಣ್ಣ ದೀಪ ಆರುವವರೆಗೆ ಮುಚ್ಚಳ ತೆರೆಯಬೇಡಿ, ಬಫರಿನಲ್ಲಿ ಇರುವುದು ಇನ್ನೂ ಕಾರ್ಡಿಗೆ ಇಳಿಯುತ್ತಿರುತ್ತದೆ.

ಡೊಂಬಿವಲಿಯಿಂದ:

ಅಂಗಡಿಯವರು ದುಡ್ಡು ಕೊಡಲಿಲ್ಲ. ಕಾರ್ಡನ್ನು ಕತ್ತರಿಯಲ್ಲಿ ಎರಡು ತುಂಡು ಮಾಡಿದೆ. ಬಿಲ್ ಹಾಕಿಸಿ 32ರ ಎರಡು ತಂದೆ, ಒಂದರ ಟೆಸ್ಟ್ ಮುಗಿದು ಪೂರ್ತಿ ಸರಿ ಅಂತ ಬಂತು, ಇನ್ನೊಂದು ಈಗ ಓಡುತ್ತಾ ಉಂಟು. ಬರುವ ಶನಿವಾರ ಕುರ್ಲಾದಲ್ಲಿ ಆಟ. ಅಪ್ಪನಿಗೆ ಅದೇ ವೇಷ.