ತಾರಸಿ ನಾಲ್ಕು ಕಡೆ ಸೋರುತ್ತಿದೆ: ಮೇಲೆ ಮೂರಿಂಚು ಕಾಂಕ್ರೀಟಾ, ಶೀಟಾ?

ಮಂಜಿನಹನಿ

ಮಡಿಕೇರಿಯಿಂದ ಸೋಮವಾರಪೇಟೆ ಕಡೆ ಹೋಗುವ ದಾರಿಯಲ್ಲಿ ಮನೆ. ಒಂದೇ ಅಂತಸ್ತು, ಕಟ್ಟಿ ಆರು ವರ್ಷ. ತಾರಸಿ 46 ಅಡಿ ಉದ್ದ, 25 ಅಡಿ ಅಗಲ. ಮೌಲ್ಡ್ 5 ಇಂಚು, ಅದರ ಮೇಲೆ ಇಂಚೂವರೆ ಸಿಮೆಂಟ್ ಪದರ. ಸುತ್ತ 3 ಅಡಿ ಪ್ಯಾರಾಪೆಟ್, ಸಿಮೆಂಟ್ ಬ್ಲಾಕಿನದ್ದು. ನೀರು ಇಳಿಯಲು 3 ಇಂಚಿನ ಎರಡು ಪೈಪ್, ಎರಡೂ ಹಿಂಬದಿಯಲ್ಲೇ.

ಸೋರುವ ಜಾಗಗಳು:
1. ಹಾಲಿನ ಫ್ಯಾನ್ ಬಾಕ್ಸ್. ಮಳೆ ಶುರುವಾಗಿ ಎರಡು ಮೂರು ಗಂಟೆಗೆ ಹನಿಯಲು ಶುರು, ಮಳೆ ನಿಂತ ಮೇಲೂ ಒಂದು ದಿನ ಹನಿಯುತ್ತದೆ.
2. ಹಾಲಿಗೂ ಊಟದ ಜಾಗಕ್ಕೂ ನಡುವೆ ಸೀಲಿಂಗಿನಲ್ಲಿ ನೂಲು ಹಿಡಿದ ಹಾಗೆ ನೇರ ಒದ್ದೆ ಗೆರೆ.
3. ಉತ್ತರದ ಬೆಡ್‌ರೂಮಿನ ಗೋಡೆ, ಸೀಲಿಂಗಿನಿಂದ ಒಂದಡಿ ಕೆಳಗಿನವರೆಗೆ ಒದ್ದೆ. ಬಣ್ಣ ಗುಳ್ಳೆ ಎದ್ದಿದೆ.
4. ಅಡುಗೆಮನೆ ಮೂಲೆಯ ಸೀಲಿಂಗಿನಲ್ಲಿ ಕಂದು ಕಲೆ, ಪ್ಲಾಸ್ಟರ್ ಉಬ್ಬಿದೆ.

ಎರಡು ಸಲ ಬ್ರಷ್ಷಿನಲ್ಲಿ ವಾಟರ್‌ಪ್ರೂಫ್ ಬಳಿಸಿದ್ದು ಹಾಳೆ ಹಾಳೆಯಾಗಿ ಎದ್ದು ಬಂತು. ಒಬ್ಬ ಮೇಸ್ತ್ರಿ ಇರುವುದರ ಮೇಲೆ ಇನ್ನೂ 3 ಇಂಚು ಕಾಂಕ್ರೀಟ್ ಹಾಕೋಣ ಅನ್ನುತ್ತಾರೆ, ಇನ್ನೊಬ್ಬರು ಶೀಟ್ ಹೊದಿಸಿ ಬಿಡಿ ಅನ್ನುತ್ತಾರೆ. ಯಾವುದು ಸರಿ?

ತೂಕದಗುಂಡು

ನಾಲ್ಕು ಸೋರಿಕೆಗೆ ನಾಲ್ಕು ಬೇರೆ ಕಾರಣ ಇದೆ ಸಾರ್. ಒಂದೇ ಡಬ್ಬದಲ್ಲಿ ನಾಲ್ಕೂ ನಿಲ್ಲುವುದಿಲ್ಲ. ಎರಡು ಸಲ ಬಳಿಸಿದ್ದು ದಂಡ ಆಗಿದ್ದು ಅದಕ್ಕೇ.

ಫ್ಯಾನ್ ಬಾಕ್ಸಿನಲ್ಲಿ ಹನಿದರೆ ತೂತು ಅದರ ನೆತ್ತಿಯ ಮೇಲೇ ಇದೆ ಅಂದುಕೊಳ್ಳಬೇಡಿ. ಮೌಲ್ಡಿನೊಳಗೆ ವೈರಿಂಗಿನ ಪೈಪ್ ಮಲಗಿರುತ್ತದೆ. ಕಂಬಿ ಒತ್ತಾಗಿರುವ ಕಡೆ, ಪೈಪ್ ಒಂದರ ಮೇಲೊಂದು ಹಾದ ಕಡೆ ವೈಬ್ರೇಟರ್ ಸರಿಯಾಗಿ ಆಡಿಸದಿದ್ದರೆ ಜಲ್ಲಿ ಜಲ್ಲಿಯಾಗಿ ಟೊಳ್ಳು ಉಳಿಯುತ್ತದೆ. ನೀರು ಅಲ್ಲಿ ಇಳಿದು, ಪೈಪಿನ ಮೈ ಹಿಡಿದು ಹತ್ತು ಹದಿನೈದು ಅಡಿ ನಡೆದು ಬಾಕ್ಸಿನಲ್ಲಿ ಹೊರಬೀಳುತ್ತದೆ. ಕೊಕ್ಕೆಯ ಬುಡ ಟಾರ್ಚ್ ಹಿಡಿದು ನೋಡಿ. ಬಿಳಿ ಉಪ್ಪಿನ ಎಳೆ ಸಣ್ಣ ಕಡ್ಡಿಯ ಹಾಗೆ ಇಳಿಬಿದ್ದಿದ್ದರೆ ನೀರು ಕಾಂಕ್ರೀಟಿನ ಸುಣ್ಣ ಕರಗಿಸಿಕೊಂಡು ಬರುತ್ತಿದೆ, ಅಂದರೆ ದಾರಿ ಹಳೆಯದು. ಕೆಳಗಿನಿಂದ ಬಾಕ್ಸಿಗೆ ಸಿಮೆಂಟ್ ಮೆತ್ತುವ ಕೆಲಸ ಮಾತ್ರ ಬೇಡ. ನೀರು ಅಲ್ಲಿಂದ ತಿರುಗಿ ಸ್ವಿಚ್‌ಬೋರ್ಡಿಗೆ ಇಳಿಯುತ್ತದೆ. ಮಳೆ ಮುಗಿಯುವವರೆಗೆ ಆ ಫ್ಯಾನಿನ ಎಂಸಿಬಿ (ಮೇನ್ ಬೋರ್ಡಿನಲ್ಲಿ ಆ ಸರ್ಕ್ಯೂಟಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿಡಿ.

ನೇರ ಗೆರೆ ಅಂದರೆ ಮೌಲ್ಡ್ ಒಂದೇ ಏಟಿಗೆ ಹಾಕಿಲ್ಲ. ಮಧ್ಯಾಹ್ನ ನಿಲ್ಲಿಸಿ ಮರುದಿನ ಮುಂದುವರಿಸಿರುತ್ತಾರೆ. ಹಳೇ ಅಂಚು ಕೆತ್ತದೆ, ಸಿಮೆಂಟ್ ಹಾಲು ಹೊಯ್ಯದೆ ಹೊಸ ಕಾಂಕ್ರೀಟ್ ಸುರಿದರೆ ಎರಡೂ ಬೆಸೆಯುವುದಿಲ್ಲ. ಬಿರುಕು ಸಾಮಾನ್ಯವಾಗಿ ಇಷ್ಟು ನೇರ ಹೋಗಲ್ಲ, ಇದು ಕೂಡು.

ಬೆಡ್‌ರೂಮಿನದ್ದು ಪ್ಯಾರಾಪೆಟ್ ಬುಡ. ಬ್ಲಾಕ್ ಗೋಡೆಯೂ ಮೌಲ್ಡೂ ಬಿಸಿಲಿಗೆ ಒಂದೇ ಸಮ ಹಿಗ್ಗುವುದಿಲ್ಲ, ನಡುವೆ ಕೂದಲೆಳೆ ಸೀಳು ಬಿಡುತ್ತದೆ. ಮೇಲಿನ ಪದರ ಅಲ್ಲಿಗೆ ನೇರ ಹೋಗಿ ತಾಗಿದ್ದರೆ, ಮೂಲೆ ಗೋಲವಾಗಿ ಕಟ್ಟದಿದ್ದರೆ ನೀರು ಸೀದಾ ಒಳಗೆ. ಪ್ಯಾರಾಪೆಟ್ ನೆತ್ತಿಯನ್ನೂ ನೋಡಿ. ಅದು ತಾರಸಿಯ ಕಡೆಗೆ ಇಳಿಜಾರಾಗಿದೆಯೋ, ಸಪಾಟಾಗಿ ಬಿರುಕು ಬಿಟ್ಟಿದೆಯೋ? ನೆತ್ತಿಯಲ್ಲಿ ಕುಡಿದ ನೀರು ಬ್ಲಾಕಿನ ಒಳಗೇ ಬುಡಕ್ಕಿಳಿಯುತ್ತದೆ.

ಅಡುಗೆಮನೆಯದ್ದು ನಾಲ್ಕರಲ್ಲಿ ಕೆಟ್ಟದ್ದು. ಬಿಳಿ ಕಲೆ ಸುಣ್ಣ, ಕಂದು ಕಲೆ ತುಕ್ಕು. ಮೌಲ್ಡ್ ಹಾಕುವಾಗ ಕಂಬಿಯಡಿ ಬಿಲ್ಲೆ ಇಡದೆ ಕಂಬಿ ಸೆಂಟ್ರಿಂಗ್ ಶೀಟಿನ ಮೇಲೇ ಕೂತರೆ, ಇರಬೇಕಾದ 20 ಎಂಎಂ ಕವರ್ (ಕಂಬಿಯಡಿಯ ಕಾಂಕ್ರೀಟ್ ಹೊದಿಕೆ) ಐದೋ ಆರೋ ಎಂಎಂ ಆಗಿರುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಪ್ಲಾಸ್ಟರನ್ನು ತಳ್ಳುತ್ತಿದೆ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದಷ್ಟಕ್ಕೂ ಸೀಮೆಸುಣ್ಣದ ಗೆರೆ ಹಾಕಿ. ಅದರಡಿ ಯಾರೂ ನಿಲ್ಲಬಾರದು.

ಕಾಫಿಕಣ

ಮೂರಿಂಚು ಕಾಂಕ್ರೀಟ್ ಅನ್ನುವ ಮೇಸ್ತ್ರಿಗೆ ಈ ಲೆಕ್ಕ ತೋರಿಸಿ. 3 ಇಂಚು ಪದರ ಚದರ ಮೀಟರಿಗೆ 170 ಕೆಜಿ. ನಿಮ್ಮ ತಾರಸಿ 107 ಚದರ ಮೀಟರ್, ಒಟ್ಟು 18 ಟನ್. ಓಡಾಡುವ ತಾರಸಿಗೆ ಇಂಜಿನಿಯರ್ ಹಿಡಿಯುವ ಬಳಕೆಯ ಭಾರವೇ ಚದರ ಮೀಟರಿಗೆ 150 ಕೆಜಿ. ಜನ, ನೀರು, ಟ್ಯಾಂಕ್ ಯಾವುದೂ ಬರುವ ಮೊದಲೇ ಲೆಕ್ಕ ಮೀರಿತು, ಅದೂ ಕೆಳಗೆ ಕಂಬಿ ತುಕ್ಕು ಹಿಡಿದಿರುವ ಮೌಲ್ಡಿನ ಮೇಲೆ. ಹೊಸ ಪದರ ಹಾಕುವುದಾದರೆ ಹಳೆಯದು ಪೂರ್ತಿ ಕಿತ್ತ ಮೇಲೆಯೇ. ಹೇಗೂ ಹಳೇ ಪದರದಡಿ ನಿಂತ ನೀರು ಹೊಸದರಡಿ ಸಿಕ್ಕಿಕೊಂಡರೆ ಮಳೆ ನಿಂತು ವಾರವಾದರೂ ಹನಿಯುತ್ತದೆ.

ಪೈಪಿನದ್ದೂ ತಪ್ಪು. ಗಂಟೆಗೆ 100 ಎಂಎಂ ಬೀಳುವ ಜೋರು ಮಳೆಗೆ 3 ಇಂಚಿನ ಪೈಪ್ ಸುಮಾರು 20 ಚದರ ಮೀಟರ್ ತಾರಸಿಯ ನೀರು ಎಳೆಯುತ್ತದೆ, 4 ಇಂಚಿನದ್ದು 43. ನಿಮ್ಮ ಎರಡು ಪೈಪ್ ಸೇರಿ 40, ತಾರಸಿ 107. ಬಾಯಿಗೆ ನಾಲ್ಕು ಸಿಲ್ವರ್ ಓಕ್ ಮರದ ಎಲೆ ಸಿಕ್ಕಿದರೆ ಅದೂ ಇಲ್ಲ. ವರ್ಷಕ್ಕೆ 3,000 ಎಂಎಂ ದಾಟುವ ಊರಿನಲ್ಲಿ ಬಯಲುಸೀಮೆಯ ಪ್ಲಾನಿನ ಪೈಪ್ ಇಟ್ಟರೆ ಕಕ್ಕಡ ತಿಂಗಳಿಡೀ (ಜುಲೈ-ಆಗಸ್ಟ್) ತಾರಸಿ ಕೆರೆಯೇ.

ವಾಟ (ನೀರು ಹರಿಯುವ ಇಳಿಜಾರು) 80ಕ್ಕೆ 1 ಬೇಕು. ಈಗಿನ ಹಾಗೆ ಎಲ್ಲ ನೀರೂ ಹಿಂದಕ್ಕೇ ಹೋಗಬೇಕಾದರೆ 25 ಅಡಿಗೆ 3.75 ಇಂಚು ಏರಬೇಕು. ಇಂಚೂವರೆ ಪದರದಲ್ಲಿ ಅದು ಆಗುವ ಮಾತೇ ಅಲ್ಲ. ನಡುವೆ ದಿಂಡು ಮಾಡಿ ಹಿಂದಕ್ಕೂ ಮುಂದಕ್ಕೂ ವಾಟ ಕೊಟ್ಟರೆ ಹನ್ನೆರಡೂವರೆ ಅಡಿಗೆ ಎರಡಿಂಚಿಗೂ ಕಡಿಮೆ ಸಾಕು, ಭಾರ ಅಷ್ಟು ಉಳಿಯಿತು. ಆಗ ಮುಂಬದಿಗೂ 4 ಇಂಚಿನ ಎರಡು ಹೊಸ ಬಾಯಿ ಬೇಕು, ಅವನ್ನು ಮೌಲ್ಡಿಗೆ ತೂತು ಹೊಡೆದು ಇಡಬೇಡಿ. ಪ್ಯಾರಾಪೆಟ್ ಬುಡದಲ್ಲಿ ಅಡ್ಡಕ್ಕೆ ಕೋರ್ ಕಟಿಂಗ್ ಮಷೀನಿನಲ್ಲಿ ಕೊರೆಸಿ, ಕಂಬಿ ಕಡಿಯುವುದಿಲ್ಲ. ಜೊತೆಗೆ ತಾರಸಿಯಿಂದ ಎರಡಿಂಚು ಎತ್ತರದಲ್ಲಿ ಒಂದು ಹೆಚ್ಚುವರಿ ತೂಬು. ಅದರಲ್ಲಿ ನೀರು ಬಿದ್ದರೆ ಕೆಳಗಿನ ಬಾಯಿ ಕಟ್ಟಿದೆ ಅಂತ ಅಂಗಳದಿಂದಲೇ ಗೊತ್ತಾಗುತ್ತದೆ.

ಮಂಜಿನಹನಿ

ತಟ್ಟಿ ನೋಡಿದೆ. ಅಡುಗೆಮನೆಯಲ್ಲಿ ಸುಮಾರು 4 ಅಡಿಗೆ 3 ಅಡಿ ಟೊಳ್ಳು. ಫ್ಯಾನ್ ಬಾಕ್ಸಿನಲ್ಲಿ ಬಿಳಿ ಎಳೆ ಇದೆ. ಹಾಗಾದರೆ ಯಾವ ತಿಂಗಳು, ಯಾವ ಕ್ರಮದಲ್ಲಿ?

ತೂಕದಗುಂಡು

ಈಗ ಮಳೆಯಲ್ಲಿ ಏನೂ ಬಳಿಯಬೇಡಿ. ಒದ್ದೆಯಾದ ಪ್ರತಿ ಜಾಗದ ಸುತ್ತ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯುತ್ತಾ ಹೋಗಿ, ಕಿತ್ತಾಗ ಅದೇ ನಕ್ಷೆ. ತುಲಾ ಸಂಕ್ರಮಣ ಕಳೆದರೂ ಹಿಂಗಾರು ಬಿಡುವುದಿಲ್ಲ. ಹುತ್ತರಿ (ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ) ಕಳೆದ ಮೇಲೆ ಕೀಳಲು ಶುರು, ಹೂಮಳೆಗೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮೊದಲ ಮಳೆ) ಮುಂಚೆ ಮುಗಿಯಬೇಕು. ಆ ಹೊತ್ತಿಗೆ ಕಾಫಿ ಕೊಯ್ಲು ಇರುವುದರಿಂದ ಕೈಯಾಳು ಸಿಗುವುದು ಕಷ್ಟ, ಮೇಸ್ತ್ರಿಗೆ ಸೆಪ್ಟೆಂಬರಿನಲ್ಲೇ ಹೇಳಿಡಿ.

ಮೊದಲು ಅಡುಗೆಮನೆ. ಕೆಳಗಿನಿಂದ ಆಧಾರಕ್ಕೆ ಜಾಕ್ ಕೊಟ್ಟು, ಸಡಿಲ ಕಾಂಕ್ರೀಟ್ ಪೂರ್ತಿ ಉದುರಿಸಿ, ಕಂಬಿಯ ಹಿಂದೆ ಮುಕ್ಕಾಲಿಂಚು ಬೆರಳು ಆಡುವಷ್ಟು ಬಿಡಿಸಿ. ವೈರ್ ಬ್ರಷ್ಷಿನಲ್ಲಿ ತುಕ್ಕು ತೆಗೆದ ಮೇಲೆ ಕಂಬಿಯನ್ನು ವರ್ನಿಯರಿನಲ್ಲಿ ಅಳೆಯಿರಿ. 8 ಎಂಎಂ ಕಂಬಿ 7ಕ್ಕೆ ಇಳಿದಿದ್ದರೆ ಕಾಲು ಭಾಗ ಕಬ್ಬಿಣ ಹೋದ ಹಾಗೆ, ಆಗ ಮೇಸ್ತ್ರಿ ಮಾತು ಸಾಲದು, ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಿ ಹೆಚ್ಚುವರಿ ಕಂಬಿ ಹೇಳಬೇಕು. ಇಲ್ಲದಿದ್ದರೆ ತುಕ್ಕು ತಡೆಯುವ ಲೇಪ ಕೊಟ್ಟು, ಲೇಟೆಕ್ಸ್ ಕಲಸಿದ ಗಾರೆಯನ್ನು ಸಲಕ್ಕೆ ಅರ್ಧ ಇಂಚಿನಂತೆ ಕಟ್ಟಿಕೊಂಡು ಬನ್ನಿ. ಒಂದೇ ಸಲ ಎರಡಿಂಚು ಮೆತ್ತಿದರೆ ರಾತ್ರಿಯೇ ಜೋತು ಬೀಳುತ್ತದೆ.

ಆಮೇಲೆ ಮೇಲಿನ ಪದರ ಕಿತ್ತು ಮೌಲ್ಡ್ ತೊಳೆಯಿರಿ. ಟೊಳ್ಳು ಜಾಗಗಳು ಬಣ್ಣದಲ್ಲೇ ಕಾಣುತ್ತವೆ, ಉಳಿದದ್ದು ಒಣಗಿದರೂ ಅವು ಕಪ್ಪಗೇ ಇರುತ್ತವೆ. ಅಲ್ಲಿ 12 ಎಂಎಂ ತೂತು, ಮೂರಿಂಚು ಆಳ, ಒಂದೂವರೆ ಅಡಿಗೊಂದು. ನಳಿಗೆ ಕೂರಿಸಿ ಸಿಮೆಂಟ್ ಗ್ರೌಟ್ (ತೆಳುವಾಗಿ ಕಲಸಿದ ಸಿಮೆಂಟ್) ಒತ್ತಿ, ಪಕ್ಕದ ನಳಿಗೆಯಲ್ಲಿ ಹೊರಬಂದ ಮೇಲೆ ಮುಂದಿನದಕ್ಕೆ ಹೋಗಿ. ವೈರಿಂಗ್ ಪೈಪಿನ ದಾರಿ ಮೊದಲೇ ಗುರುತು ಮಾಡದೆ ಕೊರೆದರೆ ಪೈಪಿನೊಳಗೇ ಸಿಮೆಂಟ್ ತುಂಬಿ ವೈರ್ ಎಳೆಯಲು ಬರದ ಹಾಗಾಗುತ್ತದೆ. ಕೂಡಿನ ಗೆರೆಗೆ ಸಿಮೆಂಟ್ ಗ್ರೌಟ್ ಹೋಗುವುದಿಲ್ಲ, ಸಂದು ತೀರಾ ಸಣ್ಣದು. ಒಣಗಿದ್ದರೆ ತೆಳು ಎಪಾಕ್ಸಿ, ಒದ್ದೆಯಿದ್ದರೆ ಪಿಯು (ಪಾಲಿಯುರೆಥೇನ್). ಮೇಲೆ ಅರ್ಧ ಇಂಚು ಕಾಲುವೆ ಕೆತ್ತಿ ಲೇಟೆಕ್ಸ್ ಗಾರೆ ತುಂಬಿ.

ಹಳೇ ಪೈಪಿನ ಬಾಯಿ ಎರಡನ್ನೂ ಸುತ್ತ ಆರಿಂಚು ಒಡೆದು ಮತ್ತೆ ಕೂರಿಸಿ. ಪಿವಿಸಿಗೂ ಸಿಮೆಂಟಿಗೂ ಅಂಟೇ ಇಲ್ಲ. ಪೈಪಿನ ಮೈಗೆ ಸಾಲ್ವೆಂಟ್ ಬಳಿದು ಒಣ ಮರಳು ಉದುರಿಸಿ, ಒರಟಾದ ಮೇಲೆ ಕುಗ್ಗದ ಗ್ರೌಟ್ ತುಂಬಿಸಿ. ಬಾಯಿಯ ಸುತ್ತ ಒಂದೂವರೆ ಅಡಿ ಚೌಕ ಒಂದಿಂಚು ತಗ್ಗು ಇರಲಿ.

ಪ್ಯಾರಾಪೆಟ್ ಬುಡ ಸುತ್ತಲೂ 142 ಅಡಿ. ಎರಡಿಂಚಿಗೆ ಎರಡಿಂಚು ಗೋಲ ಕಟ್ಟಲು, 1:3 ಗಾರೆಗೆ, ಒಂದು ಮೂಟೆ ಸಿಮೆಂಟ್ ಸಾಕು. ನೆತ್ತಿಗೆ ಒಳವಾಟ ಕೊಟ್ಟು ಹೊಸ ಗಾರೆ, ಬಿರುಕಿಲ್ಲದೆ. ಗೋಲದ ಮೇಲೆ ಫೈಬರ್ ಮೆಶ್ ಪಟ್ಟಿ, ಅದರ ಮೇಲಿಂದ ಎರಡು ಕೋಟ್ ಪುಡಿ-ದ್ರವ ಎರಡೂ ಕಲಸುವ ಲೇಪ, ಪ್ಯಾರಾಪೆಟ್ ಮೇಲೆ ಒಂದಡಿ ಹತ್ತಿಸಿ. ಎಲ್ಲ ಸೇರಿ 120 ಚದರ ಮೀಟರ್. ಎರಡು ಕೋಟಿಗೆ ಚದರ ಮೀಟರಿಗೆ ಸುಮಾರು ಒಂದೂವರೆ ಕೆಜಿಯಂತೆ 180 ಕೆಜಿ. ಯಾರಾದರೂ 20 ಲೀಟರಿನ ಒಂದು ಬಕೆಟ್ ತಂದು ಇಡೀ ತಾರಸಿ ಮುಗಿಸಿದ್ದರೆ ಅದು ಬಣ್ಣ, ವಾಟರ್‌ಪ್ರೂಫಿಂಗ್ ಅಲ್ಲ.

ಲೇಪಕ್ಕೆ ಮುಂಚಿನ ರಾತ್ರಿ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಮೌಲ್ಡಿಗೆ ಅಂಟಿಸಿ. ಬೆಳಿಗ್ಗೆ ಅಡಿಯಲ್ಲಿ ಬೆವರು ನಿಂತಿದ್ದರೆ ಒಳಗಿನ ನೀರು ಇನ್ನೂ ಆರಿಲ್ಲ. ನೀವು ಹಿಂದೆ ಎರಡು ಸಲ ಬಳಿಸಿದ್ದು ಎದ್ದಿದ್ದೂ ಬಹುಶಃ ಪಾಚಿ ಕೆರೆಯದೆ, ಆರದೆ ಬಳಿದದ್ದಕ್ಕೆ. ಲೇಪ ಒಣಗಿದ ಮೇಲೆ ಬಾಯಿಗಳನ್ನೆಲ್ಲ ಮುಚ್ಚಿ ಎರಡಿಂಚು ನೀರು 48 ಗಂಟೆ ನಿಲ್ಲಿಸಿ. ಕೆಳಗೆ ಒಂದು ಹನಿ ಕಂಡರೂ ಅಲ್ಲಿಗೇ ನಿಲ್ಲಿಸಿ ಸರಿ ಮಾಡಿ, ವಾಟದ ಪದರ ಆಮೇಲೆ. ಪದರವನ್ನು ಹತ್ತಡಿ ಚೌಕಗಳಾಗಿ ಬಿಟ್ಟು ಹಾಕಿ, ಹತ್ತು ದಿನ ನೀರು ಕಟ್ಟಿಸಿ. ಸಿಮೆಂಟ್ ಮೂಟೆಗೆ 25 ಲೀಟರ್ ನೀರಿಗೆ ಮೇಲೆ ಹೋಗಲು ಬಿಡಬೇಡಿ, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ.

ಸೂರಂಚು

ಶೀಟ್ ಬೇಡ ಅನ್ನುವುದಿಲ್ಲ. ನಮ್ಮ ಮಳೆಗೆ ಅದು ಒಳ್ಳೆಯ ಕೊಡೆ, ಆದರೆ ತುಕ್ಕು ಹಿಡಿದ ಕಂಬಿಗೆ ಔಷಧಿ ಅಲ್ಲ. ಅಡುಗೆಮನೆ ರಿಪೇರಿ ಆಗಲೇಬೇಕು.

ಹಾಕಿಸುವುದಾದರೆ ಕಂಬದ ಪ್ಲೇಟನ್ನು ಲೇಪದ ಮೇಲೆ ಬೋಲ್ಟ್ ಹೊಡೆದು ಕೂರಿಸಬೇಡಿ. ಒಂದೊಂದು ಬೋಲ್ಟೂ ಒಂದೊಂದು ತೂತು. ಲೇಪಕ್ಕೆ ಮುಂಚೆಯೇ, ಕೆಳಗಿನ ಪಿಲ್ಲರಿನ ನೇರಕ್ಕೆ ಒಂಬತ್ತಿಂಚು ಎತ್ತರದ ಕಾಂಕ್ರೀಟ್ ಪೀಠ ಹಾಕಿ ಅದರ ಮೇಲೆ ಕೂರಿಸಿ, ಲೇಪವನ್ನು ಪೀಠಕ್ಕೂ ಹತ್ತಿಸಿ. ಬರೀ ಬ್ಲಾಕ್ ಪ್ಯಾರಾಪೆಟ್ ಮೇಲೆ ನಿಲ್ಲಿಸಿದರೆ ಗಾಳಿಗೆ ಪ್ಯಾರಾಪೆಟ್ ಸಮೇತ ಏಳುತ್ತದೆ. ಅರ್ಧ ಎಂಎಂ ಶೀಟ್, 15 ಡಿಗ್ರಿ ಇಳಿಜಾರು, ಶೀಟಿನಡಿಯ ಅಡ್ಡಪಟ್ಟಿ ನಾಲ್ಕಡಿಗೊಂದು. ಸೂರು ಎರಡಡಿಯಾದರೂ ಹೊರಗೆ ಬರಲಿ, ಇಲ್ಲದಿದ್ದರೆ ಬೀಸು ಮಳೆಗೆ ಪ್ಯಾರಾಪೆಟ್ ನೆನೆಯುವುದು ನಿಲ್ಲದು. ಸ್ಕ್ರೂ ಶೀಟಿನ ಏರಿನ ಮೇಲೆ, ನೀರು ಹರಿಯುವ ತಗ್ಗಿನಲ್ಲಲ್ಲ. ರಬ್ಬರ್ ವಾಷರ್ ಚಪ್ಪಟೆಯಾಗಿ ಹೊರಗೆ ಚಿಮ್ಮುವಷ್ಟು ಬಿಗಿ ಮಾಡಿದರೆ ಎರಡು ಬೇಸಿಗೆಗೆ ಸೀಳುತ್ತದೆ.

ಗಡಿಗಲ್ಲು

ಕಂಟ್ರಾಕ್ಟರನ ಬಗ್ಗೆ ಯಾರೂ ಹೇಳಲಿಲ್ಲ. ಸ್ವಂತ ಜಾಗದಲ್ಲಿ ಕಂಟ್ರಾಕ್ಟ್ ಕೊಟ್ಟು ಕಟ್ಟಿಸಿದ ಮನೆಗೆ ರೇರಾದ (ರಿಯಲ್ ಎಸ್ಟೇಟ್ ಕಾಯ್ದೆ) ಐದು ವರ್ಷದ ಹೊಣೆ ಬರುವುದಿಲ್ಲ, ಅದು ಬಿಲ್ಡರ್ ಮಾರುವ ಪ್ರಾಜೆಕ್ಟಿಗೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದೂ ಸೇವೆಯೇ. ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಾರಣ ಹುಟ್ಟಿ ಎರಡು ವರ್ಷದೊಳಗೆ ಅನ್ನುವುದು ನಿಯಮ, ತಡವಾಗಿದ್ದರೆ ಸರಿಯಾದ ಕಾರಣ ತೋರಿಸಿ ಮನ್ನಿಸಲು ಕೇಳಬೇಕು. ಆರು ವರ್ಷದ ಮನೆಗೆ ಇದು ಸುಲಭವಲ್ಲ, ವಕೀಲರನ್ನು ಕಂಡು ಮುಂದುವರಿಯಿರಿ.

ಏನೇ ಮಾಡಿ, ಕೀಳುವ ಮುಂಚೆ ಇಂಜಿನಿಯರ್ ಬರಹದ ವರದಿ ತೆಗೆದುಕೊಳ್ಳಿ. ಕವರ್ ಎಷ್ಟು ಎಂಎಂ, ಕೂಡು ಎಲ್ಲಿ, ಪೈಪ್ ಎಷ್ಟಿಂಚು ಅಂತ ಅಳತೆ ಟೇಪ್ ಇಟ್ಟು ಫೋಟೋ ತೆಗೆಸಿ. ಲೇಪ ಬಿದ್ದ ಮೇಲೆ ತೋರಿಸಲು ಏನೂ ಉಳಿದಿರುವುದಿಲ್ಲ.

ಮಂಜಿನಹನಿ

ಸರಿ. ಇವತ್ತಿನ ಗೆರೆ ಎಳೆದಾಯಿತು. ಫ್ಯಾನಿನ ಎಂಸಿಬಿ ಇಳಿಸಿದರೆ ಹಾಲಿನ ಲೈಟೂ ಹೋಗುತ್ತದೆ, ಒಂದೇ ಸರ್ಕ್ಯೂಟ್.

ತೂಕದಗುಂಡು

ಲೈಟ್ ಹೋದರೆ ಹೋಗಲಿ. ಬೇರೆ ಸರ್ಕ್ಯೂಟಿನ ಪ್ಲಗ್ಗಿನಿಂದ ಟೇಬಲ್ ಲ್ಯಾಂಪ್ ಇಟ್ಟುಕೊಳ್ಳಿ. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇದೆಯಾ ಅಂತ ನೋಡಿ, ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ. ತಕ್ಷಣ ಬೀಳದಿದ್ದರೆ ನಾಳೆಯೇ ಬದಲಾಯಿಸಿ, ಅದಕ್ಕೆ ಹುತ್ತರಿಯವರೆಗೆ ಕಾಯಬೇಡಿ.